ಗೇರ್ ಬೀಳದಿದ್ದಾಗ

ಮಜ್ದಾ ಎಂಬ ಹೆಸರು ಕರ್ನಾಟಕದ ಜನರಿಗೆ ಪರಿಚಯವಾದದ್ದು ಸ್ವರಾಜ್ ಮಜ್ದಾ ವ್ಯಾನು, ಲಾರಿಗಳಿಂದ. ಶಾಲೆಯ ಮಕ್ಕಳನ್ನೂ ಮದುವೆಯ ದಿಬ್ಬಣಗಳನ್ನೂ ಹೊತ್ತು ತಿರುಗಿದ ಆ ಗಾಡಿಗಳ ಹಿಂದೆ ಇದ್ದದ್ದು ಜಪಾನಿನ ಹಿರೋಶಿಮಾದ ಕಂಪನಿ. ಅದೇ ಕಂಪನಿ 1989ರಲ್ಲಿ ಅಮೆರಿಕದ ಷಿಕಾಗೋ ಪ್ರದರ್ಶನದಲ್ಲಿ ಒಂದು ಪುಟ್ಟ ಸ್ಪೋರ್ಟ್ಸ್ ಕಾರನ್ನು ತೋರಿಸಿತು. ಎರಡೇ ಸೀಟು, ಹಿಂದಕ್ಕೆ ಮಡಿಸಬಹುದಾದ ಮೇಲುಹೊದಿಕೆ, ಐದು ಗೇರು. ಹೆಸರು ಎಂಎಕ್ಸ್-5, ಅಮೆರಿಕದವರು ಮಿಯಾಟ ಎಂದು ಕರೆದರು. 2016ರ ಹೊತ್ತಿಗೆ ಇಂಥ ಹತ್ತು ಲಕ್ಷ ಕಾರುಗಳು ತಯಾರಾಗಿದ್ದವು. ಕುದುರೆ ಮತ್ತು ಸವಾರನಂತೆ ಕಾರೂ ಚಾಲಕನೂ ಒಂದಾಗಬೇಕು ಎಂಬುದು ಅದನ್ನು ರೂಪಿಸಿದವರ ಆಸೆ. ಹಾಗಾಗಿ ಗೇರ್ ಲಿವರನ್ನು ಮಣಿಕಟ್ಟು ತಿರುಗಿಸಿದಷ್ಟರಲ್ಲಿ ಬೀಳುವಂತೆ ಮಾಡಿದ್ದರು.

ಆ ಮೊದಲ ಕಾರುಗಳಿಗೆ ಈಗ ವಯಸ್ಸಾಗಿದೆ. ಹಳೆಯ ಗಾಡಿ ಕೊಂಡವರಿಂದ ಮೇಲಿಂದ ಮೇಲೆ ಬರುವ ದೂರು ಒಂದೇ: ಚಳಿಗಾಲದ ಬೆಳಿಗ್ಗೆ ಗೇರ್ ಬಿಗಿ, ಅದರಲ್ಲೂ ಎರಡನೆಯದು ಬೀಳುವುದೇ ಇಲ್ಲ. ಇದಕ್ಕೆ ಚಾಲಕ ಮಾಡುವ ಉಪಾಯ, ಜೋರಾಗಿ ತಳ್ಳುವುದು. ಗ್ಯಾರೇಜಿನಲ್ಲಿ ಸಿಗುವ ಉತ್ತರ, ಗೇರ್ ಬಾಕ್ಸ್ ಇಳಿಸಬೇಕು ಎಂಬುದು. ಮೊದಲನೆಯದರಿಂದ ಗೇರ್ ಬಾಕ್ಸ್ ಸವೆಯುತ್ತದೆ, ಎರಡನೆಯದರಿಂದ ಕಿಸೆ. ಕಾರಣ ಎಷ್ಟೋ ಸಲ ಹರಿದ ರಬ್ಬರಿನ ತುಂಡು ಅಥವಾ ಅರ್ಧ ಲೋಟದಷ್ಟೂ ಇಲ್ಲದ ಎಣ್ಣೆ.

ಗೇರ್ ಹಾಕುವುದೆಂದರೆ ಹಲ್ಲುಚಕ್ರಗಳನ್ನು ತಂದು ಒಂದಕ್ಕೊಂದು ಕಚ್ಚಿಸುವುದು ಎಂದು ಹಲವರ ಭಾವನೆ. ಹಾಗಲ್ಲ. ಇಂದಿನ ಕಾರುಗಳಲ್ಲಿ ಮುಂದಕ್ಕೆ ಹೋಗುವ ಗೇರುಗಳ ಹಲ್ಲುಚಕ್ರಗಳು ಸದಾ ಕಚ್ಚಿಕೊಂಡೇ ತಿರುಗುತ್ತಿರುತ್ತವೆ. ಆದರೆ ಅವುಗಳಲ್ಲಿ ಬೇಕಾದ ಒಂದನ್ನು ಮಾತ್ರ ದಂಡಕ್ಕೆ ಬಿಗಿಯಬೇಕು. ಬಿಗಿಯುವ ಮೊದಲು ಎರಡರ ವೇಗವೂ ಸಮವಾಗಬೇಕು. ಓಡುವ ಬಸ್ಸು ಹತ್ತುವವನು ಬಸ್ಸಿನಷ್ಟೇ ವೇಗದಲ್ಲಿ ಓಡಬೇಕಲ್ಲವೆ, ಹಾಗೆ.

ಲೆಕ್ಕ ಹಾಕಿ ನೋಡಿ. ಈ ಕಾರಿನ ಮೊದಲ ಗೇರಿನ ಅನುಪಾತ 3.136, ಎರಡನೆಯದು 1.888. ಎಂಜಿನ್ ನಿಮಿಷಕ್ಕೆ 5000 ಸುತ್ತು ತಿರುಗುತ್ತಿರುವಾಗ ಮೊದಲನೆಯದರಿಂದ ಎರಡನೆಯದಕ್ಕೆ ಬದಲಾಯಿಸಿದರೆ, ಕ್ಲಚ್ ತಟ್ಟೆ ಮತ್ತು ಅದಕ್ಕೆ ಸೇರಿದ ದಂಡಗಳು 5000ದಿಂದ ಸುಮಾರು 3010 ಸುತ್ತುಗಳಿಗೆ ಇಳಿಯಬೇಕು. ಹತ್ತಿರ ಹತ್ತಿರ 2000 ಸುತ್ತುಗಳ ಇಳಿತ! ಎರಡರಿಂದ ಮೂರಕ್ಕೆ (ಅನುಪಾತ 1.330) ಸುಮಾರು 1480 ಸುತ್ತು ಇಳಿದರೆ ಸಾಕು, ಮೂರರಿಂದ ನಾಲ್ಕಕ್ಕೆ (ಅನುಪಾತ 1) ಇನ್ನೂ ಕಡಿಮೆ. ಎರಡನೆಯ ಗೇರೇ ಏಕೆ ಮೊದಲು ಹಟ ಹಿಡಿಯುತ್ತದೆ ಎಂಬುದಕ್ಕೆ ಈ ಭಾಗಾಕಾರವೇ ಉತ್ತರ ಹೇಳುತ್ತದೆ.

ಈ ವೇಗವನ್ನು ಇಳಿಸುವುದು ಬಳೆಯಂಥ ಒಂದು ಹಿತ್ತಾಳೆಯ ಉಂಗುರ. ಅದರ ಒಳಮೈ ಶಂಕುವಿನಂತೆ ಓರೆಯಾಗಿದ್ದು, ಹಲ್ಲುಚಕ್ರದ ಮೇಲಿರುವ ಉಕ್ಕಿನ ಶಂಕುವಿಗೆ ಉಜ್ಜುತ್ತದೆ. ಎಂದರೆ ಅದೊಂದು ಪುಟ್ಟ ಬ್ರೇಕು. ಉಜ್ಜಿ ಉಜ್ಜಿ ವೇಗ ಸಮವಾದ ಮೇಲಷ್ಟೇ ಗೇರ್ ಬೀಳಲು ದಾರಿ ಬಿಡುತ್ತದೆ. ಅಮೆರಿಕದ ಅರ್ಲ್ ಥಾಮ್ಸನ್ ರೂಪಿಸಿದ ಈ ಬಗೆಯ ವ್ಯವಸ್ಥೆ 1928ರಲ್ಲಿ ಕ್ಯಾಡಿಲಾಕ್ ಕಾರುಗಳಿಗೆ ಬಂತು. ಅದಿಲ್ಲದ ಗಾಡಿಗಳಲ್ಲಿ ಉಂಗುರದ ಕೆಲಸವನ್ನು ಚಾಲಕನ ಕಾಲೇ ಮಾಡಬೇಕಿತ್ತು. ಹಳೆಯ ಲಾರಿಗಳಲ್ಲಿ ಘಟ್ಟ ಹತ್ತಿದವರು ಡ್ರೈವರ್ ಒಂದು ಗೇರಿಗೆ ಎರಡು ಸಲ ಕ್ಲಚ್ ಒತ್ತುವುದನ್ನು ನೋಡಿರುತ್ತಾರೆ. ಅದು ಅಭ್ಯಾಸಬಲವಲ್ಲ, ಭೌತಶಾಸ್ತ್ರ.

ಉಂಗುರಕ್ಕೆ ತನ್ನ ಕೆಲಸ ಮಾಡಲು ಒಂದು ಕ್ಷಣ ಬೇಕು. ಲಿವರನ್ನು ಗುದ್ದಿ ತಳ್ಳಿದರೆ ಆ ಕ್ಷಣ ಸಿಗುವುದಿಲ್ಲ, ಕರ್ರೆಂಬ ಸದ್ದಿನೊಡನೆ ಹಿತ್ತಾಳೆ ಸವೆಯುತ್ತದೆ.

ಹಾಗಾದರೆ ತೊಂದರೆ ಇರುವುದು ಲಿವರಿನಲ್ಲೋ, ಕ್ಲಚ್ಚಿನಲ್ಲೋ, ಗೇರ್ ಬಾಕ್ಸಿನ ಒಳಗೋ? ಇದನ್ನು ತಿಳಿಯಲು ಒಂದು ಸ್ಪ್ಯಾನರೂ ಬೇಡ. ಸಮತಟ್ಟಾದ ಜಾಗದಲ್ಲಿ ಕಾರು ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಎಂಜಿನ್ ಆರಿಸಿ, ಕ್ಲಚ್ ಒತ್ತಿ ಎಲ್ಲ ಗೇರುಗಳನ್ನೂ ಒಂದೊಂದಾಗಿ ಹಾಕಬೇಕು. ಏನೂ ತಿರುಗದಿರುವಾಗ ಉಂಗುರಕ್ಕೆ ಕೆಲಸವಿಲ್ಲ. ಆಗಲೂ ಎಲ್ಲ ಗೇರುಗಳೂ ಬಿಗಿ ಎಂದರೆ ದೋಷ ಲಿವರಿನ ಕಡೆಯದು. ಆರಿಸಿದಾಗ ಸಲೀಸು, ಎಂಜಿನ್ ಓಡುವಾಗ ನಿಂತಲ್ಲೇ ಬಿಗಿ ಎಂದಾದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ. ಎಂಜಿನ್ ಓಡುತ್ತಿರುವಾಗ ಕ್ಲಚ್ ಒತ್ತಿ, ಐದಾರು ಸೆಕೆಂಡು ಕಾದು, ರಿವರ್ಸ್ ಹಾಕಿದಾಗಲೂ ಕರ್ರೆಂದರೆ ಸಂದೇಹವೇ ಬೇಡ. ಈ ಎರಡೂ ಅಲ್ಲ, ಓಡುವಾಗ ಮಾತ್ರ, ಅದೂ ತಣ್ಣಗಿರುವಾಗ ಮಾತ್ರ ತೊಂದರೆ ಎಂದರೆ ಎಣ್ಣೆ, ಉಂಗುರಗಳ ಕಡೆ ನೋಡಬೇಕು.

ಕ್ಲಚ್ಚಿನದು ಪಾಸ್ಕಲನ ನಿಯಮದ ಕತೆ. ಪೆಡಲ್ ಒತ್ತಿದಾಗ ಕೊಳವೆಯ ದ್ರವ ಆ ಒತ್ತಡವನ್ನು ಕೆಳಗಿನ ಸಿಲಿಂಡರಿಗೆ ಮುಟ್ಟಿಸುತ್ತದೆ. ಗ್ಯಾರೇಜಿನಲ್ಲಿ ಇದನ್ನು ಬ್ರೇಕ್ ಆಯಿಲ್ ಎನ್ನುತ್ತಾರೆ. ಅದು ಎಣ್ಣೆಯಲ್ಲ, ಗ್ಲೈಕಾಲ್ ಜಾತಿಯ ದ್ರವ, ಗಾಳಿಯ ತೇವವನ್ನು ಹೀರಿಕೊಳ್ಳುವಂಥದು. ಈ ಕಾರಿನ ಕೆಳಗಿನ ಸಿಲಿಂಡರು ಸೋರುವುದಕ್ಕೆ ಹೆಸರುವಾಸಿ. ಸೋರಿದ ಕಡೆಯಿಂದ ಗಾಳಿ ಸೇರಿದರೆ ಕಾಲಿನ ಒತ್ತು ಗುಳ್ಳೆಯನ್ನು ಅದುಮುವುದರಲ್ಲೇ ಮುಗಿದುಹೋಗುತ್ತದೆ. ಅದಕ್ಕೂ ಮೊದಲು ಪೆಡಲ್ಲಿನ ಕೆಳಗೆ ಬಗ್ಗಿ ನೋಡುವುದು ಒಳ್ಳೆಯದು. ಹೊಸದಾಗಿ ಹಾಸಿದ ದಪ್ಪ ಮ್ಯಾಟು ಪೆಡಲನ್ನು ಪೂರ್ತಿ ಇಳಿಯಗೊಡದಿದ್ದರೂ ಲಕ್ಷಣಗಳೆಲ್ಲ ಇವೇ.

ಇನ್ನು ಲಿವರು. ಮಾರುತಿ 800ರಂಥ ಕಾರುಗಳಲ್ಲಿ ಗೇರ್ ಬಾಕ್ಸ್ ಮುಂದೆ ಎಂಜಿನ್ ಪಕ್ಕದಲ್ಲಿದ್ದು, ಲಿವರಿನಿಂದ ಅಲ್ಲಿಯವರೆಗೆ ಸರಳು ಹೋಗುತ್ತದೆ. ಎಂಎಕ್ಸ್-5ರಲ್ಲಿ ಗೇರ್ ಬಾಕ್ಸ್ ಚಾಲಕನ ಪಕ್ಕದಲ್ಲೇ, ಎರಡು ಸೀಟುಗಳ ನಡುವಿನ ಸುರಂಗದಲ್ಲಿದೆ. ಲಿವರ್ ನೇರವಾಗಿ ಅದರೊಳಕ್ಕೆ ಇಳಿಯುತ್ತದೆ. ಶಾಲೆಯಲ್ಲಿ ಓದುವ ಸನ್ನೆಯೇ ಇದು. ಮೇಲೆ ಕೈಯ ಬಲ, ನಡುವೆ ಆನಿಕೆಯಾಗಿ ಒಂದು ಗುಂಡು, ಕೆಳಗೆ ಭಾರ. ಗುಂಡಿನ ಸುತ್ತಲೂ ಕೆಳತುದಿಗೂ ಪ್ಲಾಸ್ಟಿಕ್ಕಿನ ಬುಷ್‌ಗಳಿವೆ. ಇವೆಲ್ಲ ಕುಳಿತಿರುವ ಬಟ್ಟಲಿಗೆ ಬೇರೆಯಾಗಿಯೇ ನೂರು ಮಿಲಿಲೀಟರಿಗೂ ಕಡಿಮೆ ಎಣ್ಣೆ ಹಾಕಿರುತ್ತಾರೆ. ಬಟ್ಟಲಿನ ಬಾಯಿಗೆ ರಬ್ಬರಿನ ಬೂಟು. ವರ್ಷಗಳ ಬಿಸಿಗೆ ರಬ್ಬರು ಸೀಳುತ್ತದೆ, ಧೂಳು ಇಳಿಯುತ್ತದೆ, ಎಣ್ಣೆ ಕಪ್ಪು ಕೆಸರಾಗುತ್ತದೆ ಇಲ್ಲವೇ ಒಣಗುತ್ತದೆ, ಬುಷ್ ಪುಡಿಯಾಗುತ್ತದೆ. ಲಿವರಿನ ಬುಡದಿಂದ ಬಿಸಿಗಾಳಿ, ಗೇರಿನ ಗುರುಗುರು ಸದ್ದು ಒಳಕ್ಕೆ ಬರುತ್ತಿದ್ದರೆ ಬೂಟು ಹರಿದಿದೆ ಎಂದೇ ಅರ್ಥ.

ದುರಸ್ತಿ ಒಂದು ಮಧ್ಯಾಹ್ನದ ಕೆಲಸ. ಸುರಂಗ ತಣ್ಣಗಾಗಿರಬೇಕು. ಲಿವರಿನ ಗುಂಡಿ ತಿರುಗಿಸಿ ತೆಗೆದು, ಮೇಲಿನ ಪ್ಲಾಸ್ಟಿಕ್ ಕವಚ ಬಿಚ್ಚಿ, ಮೊದಲು ದೊಡ್ಡ ರಬ್ಬರ್ ಬೂಟು, ಆಮೇಲೆ 10 ನಂಬರ್ ಸ್ಪ್ಯಾನರಿಗೆ ಬಗ್ಗುವ ಬೋಲ್ಟುಗಳನ್ನು ಬಿಚ್ಚಿದರೆ ಲಿವರ್ ಮೇಲಕ್ಕೆ ಬರುತ್ತದೆ. ಬಿಚ್ಚುವ ಮೊದಲೇ ಸುತ್ತಲಿನ ಮಣ್ಣನ್ನು ಒರೆಸಿರಬೇಕು. ಆ ತೂತಿಗೆ ಒಂದು ವಾಷರ್ ಬಿದ್ದರೆ ಮಧ್ಯಾಹ್ನದ ಕೆಲಸ ವಾರದ್ದಾಗುತ್ತದೆ. ಹಳೆಯ ಎಣ್ಣೆಯನ್ನು ಸಿರಿಂಜಿನಿಂದ ಹೀರಿ, ಬುಷ್‌ಗಳನ್ನೂ ಬೂಟುಗಳನ್ನೂ ಹೊಸದಾಗಿ ಹಾಕಿ, ಹೊಸ ಗೇರ್ ಆಯಿಲ್ ಸುರಿದು ಮುಚ್ಚಬೇಕು. ಬಿಡಿಭಾಗಗಳ ಬೆಲೆ ಗೇರ್ ಬಾಕ್ಸ್ ಇಳಿಸುವ ಕೂಲಿಯ ಹತ್ತಿರಕ್ಕೂ ಬರುವುದಿಲ್ಲ.

ಗೇರ್ ಬಾಕ್ಸಿನ ಒಳಗಿನ ಎಣ್ಣೆಯ ವಿಷಯ ಇನ್ನೂ ಸ್ವಾರಸ್ಯ. ಅದು ಸುಮಾರು ಎರಡು ಲೀಟರು. ಡಬ್ಬದ ಮೇಲೆ 75ಡಬ್ಲ್ಯು-90 ಎಂದಿರುತ್ತದೆ. ಡಬ್ಲ್ಯು ಎಂದರೆ ವಿಂಟರ್, ಚಳಿಗಾಲ. 75ಡಬ್ಲ್ಯು ಎಣ್ಣೆ ಸೊನ್ನೆಗಿಂತ 40 ಡಿಗ್ರಿ ಸೆಲ್ಸಿಯಸ್ ಕೆಳಗೂ ನಿಗದಿತ ಮಿತಿ ಮೀರಿ ಮಂದವಾಗಬಾರದು. 80ಡಬ್ಲ್ಯು ಎಣ್ಣೆಗೆ ಅದೇ ಮಿತಿ ಸೊನ್ನೆಗಿಂತ 26 ಡಿಗ್ರಿ ಕೆಳಗೆ. ಎಣ್ಣೆ ಜೇನಿನಂತೆ ಮಂದವಾದಾಗ ಉಂಗುರ ಮತ್ತು ಶಂಕುವಿನ ನಡುವಿನ ಪೊರೆ ಬೇಗ ಸರಿಯುವುದಿಲ್ಲ, ಲೋಹಕ್ಕೆ ಲೋಹ ತಾಗುವುದಿಲ್ಲ. ಬ್ರೇಕು ಹಿಡಿಯದೆ ಗೇರ್ ಬೀಳುವುದೆಂತು? ತಣ್ಣಗಿನ ಬೆಳಿಗ್ಗೆ ಮೊದಲ ಎರಡು ಮೂರು ಕಿಲೋಮೀಟರು ನಿಧಾನವಾಗಿ ಬದಲಾಯಿಸುವುದು ಇದಕ್ಕಾಗಿಯೇ.

ಎಣ್ಣೆ ಹೆಚ್ಚು ಜಾರಿದಷ್ಟೂ ಒಳ್ಳೆಯದು ಎಂಬುದು ಇನ್ನೊಂದು ತಪ್ಪು ತಿಳಿವಳಿಕೆ. ಜಾರಿದರೆ ಉಂಗುರ ಉಜ್ಜುವುದೇ ಇಲ್ಲ. ಜಿಎಲ್-5 ಎಂಬ ದರ್ಜೆಯ ಎಣ್ಣೆ ಹಿಂದಿನ ಆಕ್ಸಲಿನ ಹಲ್ಲುಚಕ್ರಗಳ ಭಾರೀ ಒತ್ತಡಕ್ಕೆಂದು ತಯಾರಾದದ್ದು. ಅದರಲ್ಲಿ ಗಂಧಕ, ರಂಜಕಗಳ ಸಂಯುಕ್ತಗಳು ಜಿಎಲ್-4 ದರ್ಜೆಯಲ್ಲಿರುವುದಕ್ಕಿಂತ ಹೆಚ್ಚು. ಚುರುಕಾದ ಗಂಧಕಕ್ಕೆ ತಾಮ್ರವೆಂದರೆ ಪ್ರೀತಿ, ಹಿತ್ತಾಳೆಯಲ್ಲಿರುವುದು ಅದೇ ತಾಮ್ರ. ಈಗಿನ ಎಲ್ಲ ಜಿಎಲ್-5 ಎಣ್ಣೆಗಳೂ ಹಿತ್ತಾಳೆಯನ್ನು ತಿನ್ನುತ್ತವೆ ಎಂದಲ್ಲ. ಆದರೂ ಉಂಗುರಗಳಿರುವ ಗೇರ್ ಬಾಕ್ಸಿಗೆಂದೇ ಮಾಡಿದ ಎಣ್ಣೆ ಸಿಗುವಾಗ ಬೇರೆಯದೇಕೆ?

ಎಣ್ಣೆ ಬದಲಾಯಿಸುವಾಗ ಮೊದಲು ತುಂಬುವ ತೂತಿನ ಬೋಲ್ಟು ಬಿಚ್ಚಬೇಕು, ಆಮೇಲೆ ಕೆಳಗಿನದು. ತುಕ್ಕು ಹಿಡಿದು ಮೇಲಿನದು ಬಿಚ್ಚದಿದ್ದರೆ, ಎಣ್ಣೆಯೆಲ್ಲ ಸುರಿದುಹೋದ ಕಾರು ಅಲ್ಲೇ ನಿಲ್ಲುತ್ತದೆ. ಬರಿಯ ಜಾಕಿಯನ್ನು ನಂಬಿ ಯಾರೂ ಕಾರಿನ ಕೆಳಗೆ ನುಸುಳಬಾರದು. ಕಾರು ಗಟ್ಟಿಯಾದ ಸ್ಟ್ಯಾಂಡುಗಳ ಮೇಲೆ ಕೂತಿರಬೇಕು. ಮಕ್ಕಳನ್ನು ಕೆಲಸಕ್ಕೆ ಸೇರಿಸಿಕೊಳ್ಳುವ ತಂದೆಯರು ಇದನ್ನು ಮೊದಲೇ ಹೇಳಿಬಿಡುವುದು ಲೇಸು.

ಇಷ್ಟಾದ ಮೇಲೂ, ಎಣ್ಣೆ ಬಿಸಿಯಾದ ಮೇಲೂ ಎರಡನೆಯ ಗೇರೊಂದೇ ಕರ್ರೆನ್ನುತ್ತಿದ್ದರೆ ಉಂಗುರ ಸವೆದಿದೆ. ಆಗ ಗೇರ್ ಬಾಕ್ಸ್ ಇಳಿಸಲೇಬೇಕು; ಅದು ಮನೆಯಂಗಳದಲ್ಲಿ ಆಗುವ ಕೆಲಸವಲ್ಲ. ಹಣ ಕೂಡುವವರೆಗೆ ಹಳೆಯ ಲಾರಿ ಡ್ರೈವರುಗಳ ಉಪಾಯವಿದೆ: ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತಂದು, ಕ್ಲಚ್ ಬಿಟ್ಟು, ಎಂಜಿನ್ ವೇಗ ಇಳಿದೊಡನೆ ಮತ್ತೆ ಒತ್ತಿ ಎರಡನೆಯದಕ್ಕೆ ಹಾಕುವುದು. ಕೆಳಗಿನ ಗೇರಿಗೆ ಇಳಿಸುವಾಗಲಾದರೆ ಕ್ಲಚ್ ಬಿಟ್ಟ ಹೊತ್ತಿನಲ್ಲಿ ಆಕ್ಸಿಲರೇಟರನ್ನು ಒಂದಿಷ್ಟು ಒತ್ತಬೇಕು.