ಸರ್ಕಾರವೇ ಮನೆ ಮಾಲೀಕನಾದರೆ
1962ರ ಕಾಯ್ದೆಯಿಂದ ಹುಟ್ಟಿದ ಕರ್ನಾಟಕ ಗೃಹ ಮಂಡಳಿ ಒಂದೇ ಬಡಾವಣೆಯಲ್ಲಿ ಇಡಬ್ಲ್ಯುಎಸ್‌, ಎಲ್‌ಐಜಿ, ಎಂಐಜಿ, ಎಚ್‌ಐಜಿ ಎಂದು ವರಮಾನ ನೋಡಿ ಮನೆ ಹಂಚುತ್ತದೆ. ಕೊನೆಗೆ ಕ್ರಯಪತ್ರ ಮಾಡಿಕೊಟ್ಟು ಕೈ ತೊಳೆದುಕೊಳ್ಳುತ್ತದೆ. ಆಮೇಲೆ ಬಡವರ ಮನೆ ಉಳ್ಳವರ ಪಾಲಾದರೆ ಕೇಳುವವರಿಲ್ಲ. ವಿಯೆನ್ನಾ ನಗರಾಡಳಿತ ಹೀಗೆ ಮಾರಿಬಿಡುವುದಿಲ್ಲ: ಸುಮಾರು 2.2 ಲಕ್ಷ ಮನೆಗಳನ್ನು ತಾನೇ ಇಟ್ಟುಕೊಂಡು ಬಾಡಿಗೆಗೆ ಕೊಡುತ್ತದೆ, ಸಂಬಳ ಏರಿತೆಂದು ಯಾರನ್ನೂ ಎಬ್ಬಿಸುವುದಿಲ್ಲ. ಹಾಗಾಗಿಯೇ ಅಲ್ಲಿ ಮೇಷ್ಟ್ರೂ ಕೂಲಿಯವರೂ ಒಂದೇ ಮೆಟ್ಟಿಲು ಹತ್ತುತ್ತಾರೆ. ತುಮಕೂರಿಗೂ ಇಂಥದ್ದೇ ಬೇಕು. ಗುಬ್ಬಿ, ಕುಣಿಗಲ್‌ ಕಡೆಯಿಂದ ವಸಂತನರಸಾಪುರದ ಕಾರ್ಖಾನೆಗೆ ಸೇರುವ ಹುಡುಗನಿಗೆ ಸದ್ಯಕ್ಕೆ ಸೈಟು ಬೇಡ, ಅಡ್ವಾನ್ಸ್‌ ಹೆಸರಲ್ಲಿ ಸುಲಿಯದ ಮನೆ ಸಾಕು. ಸರ್ಕಾರ ನಲ್ಲಿ ರಿಪೇರಿ ಮಾಡಿಸೀತೇ ಎಂಬ ಅನುಮಾನ ನನಗೂ ಇದೆ. ಆದರೂ ಸುಣ್ಣಬಣ್ಣ ತಡವಾದರೇನು, ನೌಕರರ ಕ್ವಾರ್ಟರ್ಸ್‌ಗಳನ್ನು ದಶಕಗಳಿಂದ ಅದೇ ತಾನೇ ನಡೆಸುತ್ತಿರುವುದು?