ಎಂಜಿನ್ ನಂಬರ್ ಬರೆದರೆ ಸಾಲದು, ಅದು ಎಳೆದ ಮೂಟೆಯನ್ನೂ ಬರೆಯಬೇಕು

ಕೆಲವು ರೈಲ್ವೆ ಸ್ಟೇಷನ್‌ಗಳ ಎದುರು, ಮ್ಯೂಸಿಯಂ ಅಂಗಳದಲ್ಲಿ ಹಳೇ ಉಗಿ ಎಂಜಿನ್ ನಿಲ್ಲಿಸಿರುವುದನ್ನು ನೀವು ನೋಡಿರುತ್ತೀರಿ. ಕಪ್ಪು ಬಣ್ಣ, ಕೆಂಪು ಪಟ್ಟಿ, ಸುತ್ತ ಕಬ್ಬಿಣದ ಬೇಲಿ. ಫೋಟೋ ತೆಗೆಸಿಕೊಳ್ಳಲು ಒಳ್ಳೇ ಜಾಗ. ಪಕ್ಕದ ಬೋರ್ಡಿನಲ್ಲಿ ಬರೆದಿರುವುದು ಸಾಮಾನ್ಯವಾಗಿ ಇಷ್ಟೇ: ಎಂಜಿನ್ ನಂಬರ್, ತಯಾರಿಸಿದ ಕಂಪನಿ, ತಯಾರಾದ ವರ್ಷ. ಆ ಎಂಜಿನ್ ಯಾವ ಊರಿಂದ ಯಾವ ಊರಿಗೆ ಏನನ್ನು ಎಳೆಯಿತು, ಅದಕ್ಕೆ ಕಲ್ಲಿದ್ದಲು ಹಾಕಿದವರು ಯಾರು, ಅದರಿಂದ ಯಾರಿಗೆ ಲಾಭವಾಯಿತು ಅನ್ನುವುದು ಇರುವುದೇ ಇಲ್ಲ.

ಇದು ಸಣ್ಣ ವಿಷಯ ಅಲ್ಲ ಅನ್ನುವುದು ನಮ್ಮ ವಾದ. ದೊಡ್ಡ ಮೇಲ್ ರೈಲುಗಳ ಚರಿತ್ರೆ ಬರೆಯಲು ಜನ ಇದ್ದಾರೆ. ಸಣ್ಣ ಲೈನು, ಫ್ಯಾಕ್ಟರಿ ಲೈನು, ಗಣಿ ಲೈನುಗಳಲ್ಲಿ ದುಡಿದ ಎಂಜಿನ್‌ಗಳ ಚರಿತ್ರೆ ಮಾತ್ರ ಗುಜರಿ ಅಂಗಡಿಗೆ ಹೋಗುತ್ತಿದೆ. ಅದರ ಜೊತೆ ಹೋಗುತ್ತಿರುವುದು ನಮ್ಮಂಥ ಜಿಲ್ಲೆಗಳ ಲೆಕ್ಕ ಪುಸ್ತಕ.

ಮೊದಲ ರೈಲು ಹೊತ್ತದ್ದು ಜನರನ್ನಲ್ಲ

ಶಾಲೆಯಲ್ಲಿ ಎಲ್ಲರೂ ಓದಿದ್ದೇವೆ: ಭಾರತದ ಮೊದಲ ರೈಲು 1853ರ ಏಪ್ರಿಲ್ 16ರಂದು ಮುಂಬೈಯ ಬೋರಿ ಬಂದರಿನಿಂದ ಠಾಣೆಗೆ ಹೋಯಿತು ಅಂತ. ಜನರನ್ನು ಹತ್ತಿಸಿಕೊಂಡು ಓಡಿದ ಮೊದಲ ಸಾರ್ವಜನಿಕ ರೈಲು ಅದು, ಸರಿ. ಆದರೆ ಅದಕ್ಕೂ 16 ವರ್ಷ ಮುಂಚೆ, 1837ರಲ್ಲೇ, ಮದ್ರಾಸಿನ ರೆಡ್ ಹಿಲ್ಸ್ ಹತ್ತಿರ ಆರ್ಥರ್ ಕಾಟನ್ ಅನ್ನುವ ಎಂಜಿನಿಯರ್ ಒಂದು ಲೈನ್ ಹಾಕಿಸಿದ್ದ. ಅದು ಹೊತ್ತದ್ದು ರಸ್ತೆ ಮಾಡುವ ಕಲ್ಲನ್ನು. 1851ರಲ್ಲಿ ರೂರ್ಕಿ ಬಳಿ ಗಂಗಾ ಕಾಲುವೆಯನ್ನು ಸೋಲಾನಿ ನದಿಯ ಮೇಲೆ ದಾಟಿಸುವ ಸೇತುವೆ ಕೆಲಸ ನಡೆಯುತ್ತಿತ್ತು. ಅಲ್ಲಿಗೆ ಮಣ್ಣು ಸಾಗಿಸಲು 'ಥಾಮಸನ್' ಅನ್ನುವ ಉಗಿ ಎಂಜಿನ್ ತಂದರು.

ಅಂದರೆ ನಮ್ಮ ದೇಶದ ರೈಲಿನ ಕತೆ ಶುರುವಾಗುವುದೇ ಕಲ್ಲು ಮಣ್ಣಿನಿಂದ. ಇಂಗ್ಲೆಂಡಿನ ಪಕ್ಕದ ವೇಲ್ಸ್‌ನಲ್ಲೂ ಹಾಗೇ ಆಯಿತು. 1804ರಲ್ಲಿ ರಿಚರ್ಡ್ ಟ್ರೆವಿಥಿಕ್ ತನ್ನ ಉಗಿ ಎಂಜಿನ್ ಓಡಿಸಿದ್ದು ಪೆನಿಡ್ಯಾರನ್ ಅನ್ನುವ ಕಬ್ಬಿಣದ ಕಾರ್ಖಾನೆಯ ಲೈನಿನಲ್ಲಿ. 10 ಟನ್ ಕಬ್ಬಿಣ, 70 ಆಳುಗಳನ್ನು ಅದು ಎಳೆಯಿತು. ಆದರೆ ಎಂಜಿನ್ ಭಾರಕ್ಕೆ ಬೀಡು ಕಬ್ಬಿಣದ ಹಳಿ ಪಟಪಟ ಒಡೆದವು. ಎಂಜಿನ್ ಗೆದ್ದಿತು, ಹಳಿ ಸೋತಿತು.

ಈ ಹಳಿ ಒಡೆಯುವ ತೊಂದರೆಯನ್ನು ನೆನಪಿಟ್ಟುಕೊಳ್ಳಿ. ಸಣ್ಣ ಲೈನುಗಳ ಎಂಜಿನ್ ಚರಿತ್ರೆ ಪೂರ್ತಿ ಇದರ ಸುತ್ತವೇ ತಿರುಗುತ್ತದೆ. ಗಟ್ಟಿ ಹಳಿ ಹಾಕಲು ದುಡ್ಡು ಬೇಕು. ಸಣ್ಣ ಊರಿಗೆ ಅಷ್ಟು ದುಡ್ಡು ಯಾರೂ ಹಾಕುವುದಿಲ್ಲ. ಹಾಗಾದರೆ ತೆಳು ಹಳಿಯ ಮೇಲೆ ಭಾರ ಎಳೆಯುವುದು ಹೇಗೆ?

ಬಾರ್ಶಿಯ ಐದು ಟನ್ ಲೆಕ್ಕ

ಇದಕ್ಕೆ ಒಳ್ಳೇ ಉತ್ತರ ಸಿಕ್ಕಿದ್ದು ನಮ್ಮ ಪಕ್ಕದ ಸೊಲ್ಲಾಪುರ ಜಿಲ್ಲೆಯಲ್ಲಿ. ಬಾರ್ಶಿ ಹತ್ತಿಯ ವ್ಯಾಪಾರದ ಊರು. ಆದರೆ ಮುಂಬೈ ಕಡೆಯ ದೊಡ್ಡ ಲೈನು ಊರಿಗೆ ಬರದೆ ಇಪ್ಪತ್ತು ಮೈಲಿ ಆಚೆಯೇ ಹಾದುಹೋಗಿತ್ತು. ಎತ್ತಿನ ಗಾಡಿಯಲ್ಲಿ ಮಾಲು ತುಂಬಿ ಆ ಸ್ಟೇಷನ್ ತನಕ ಎಳೆಯಬೇಕಿತ್ತು. ಎವರರ್ಡ್ ಕಾಲ್‌ತ್ರಾಪ್ ಅನ್ನುವ ಇಂಗ್ಲಿಷ್ ಎಂಜಿನಿಯರ್ ಅಲ್ಲೊಂದು ಕಂಪನಿ ಕಟ್ಟಿ, 1897ರಲ್ಲಿ ಬಾರ್ಶಿ ಲೈಟ್ ರೈಲ್ವೆ ಶುರು ಮಾಡಿದ.

ಗೇಜ್ ಎರಡೂವರೆ ಅಡಿ. ಅಂದರೆ ಎರಡು ಹಳಿಗಳ ನಡುವೆ 762 ಮಿಲಿಮೀಟರ್. ಈಗಿನ ಬ್ರಾಡ್ ಗೇಜ್ 1676 ಮಿಲಿಮೀಟರ್, ಅದರ ಅರ್ಧಕ್ಕೂ ಕಮ್ಮಿ. ಹಳಿಯೂ ತೆಳು, ಒಂದು ಮೀಟರ್ ಹಳಿಯ ತೂಕ ಸುಮಾರು 15 ಕೆ.ಜಿ. ಮಾತ್ರ.

ಕಾಲ್‌ತ್ರಾಪ್ ಒಂದು ನಿಯಮ ಇಟ್ಟುಕೊಂಡ. ಎಂಜಿನ್ ಆಗಲಿ, ಬೋಗಿಯಾಗಲಿ, ಯಾವ ಅಚ್ಚಿನ ಮೇಲೂ 5 ಟನ್‌ಗಿಂತ ಹೆಚ್ಚು ಭಾರ ಬೀಳಬಾರದು. ಭಾರ ಜಾಸ್ತಿಯಾದರೆ ಅಚ್ಚು ಜಾಸ್ತಿ ಮಾಡು, ಹಳಿಗೆ ತೊಂದರೆ ಕೊಡಬೇಡ. ಗಾಡಿಗೆ ಮೂಟೆ ಹೇರುವ ನಮ್ಮ ಹಳ್ಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಭಾರ ಒಂದೇ ಕಡೆ ಬಿದ್ದರೆ ಅಚ್ಚು ಮುರಿಯುತ್ತದೆ, ಹಂಚಿದರೆ ನಡೆಯುತ್ತದೆ.

ಲೀಡ್ಸ್ ಊರಿನ ಕಿಟ್ಸನ್ ಕಂಪನಿ ಈ ನಿಯಮಕ್ಕೆ ತಕ್ಕಂತೆ ಎಂಜಿನ್ ಮಾಡಿಕೊಟ್ಟಿತು. ರೈಲ್ವೆಯವರ ಭಾಷೆಯಲ್ಲಿ ಅದು 0-8-4. ಅಂದರೆ ಮುಂದೆ ಸಣ್ಣ ಚಕ್ರ ಇಲ್ಲ, ನಡುವೆ ಎಳೆಯುವ ಚಕ್ರ ಎಂಟು, ಹಿಂದೆ ಭಾರ ಹೊರುವ ಚಕ್ರ ನಾಲ್ಕು. ಇಷ್ಟು ಚಿಕ್ಕ ಗೇಜಿನ ಎಂಜಿನ್ನಿಗೆ ಹನ್ನೆರಡು ಚಕ್ರ! ಬೋರ್ಡಿನಲ್ಲಿ ಬರೀ '0-8-4' ಅಂತ ಬರೆದರೆ ಯಾರಿಗೆ ಏನು ತಿಳಿಯುತ್ತದೆ? ಬಡ ಊರಿನ ತೆಳು ಹಳಿ ಒಡೆಯದಿರಲಿ ಅಂತ ಹನ್ನೆರಡು ಚಕ್ರ ಹಾಕಿದರು ಅಂತ ಬರೆದರೆ ಐದನೇ ಕ್ಲಾಸಿನ ಮಗುವಿಗೂ ಅರ್ಥ ಆಗುತ್ತದೆ.

ಈ ಲೈನ್ 1906ರಲ್ಲಿ ಪಂಢರಪುರಕ್ಕೆ, 1911ರಲ್ಲಿ ಲಾತೂರಿಗೆ, 1927ರಲ್ಲಿ ಮಿರಜಿಗೆ ಮುಟ್ಟಿತು. ಇಲ್ಲಿಗೆ ಅದು ನಮ್ಮ ಲೈನೂ ಆಯಿತು. ಬೆಳಗಾವಿ ಕಡೆಯಿಂದ ಮೀಟರ್ ಗೇಜ್ ರೈಲಿನಲ್ಲಿ ಮಿರಜಿಗೆ ಬಂದು, ಅಲ್ಲಿ ಈ ಸಣ್ಣ ರೈಲು ಹತ್ತಿದರೆ ವಿಠ್ಠಲನ ಬಾಗಿಲು. ಉತ್ತರ ಕರ್ನಾಟಕದ ಎಷ್ಟೋ ಮನೆಗಳ ಹಿರಿಯರು ಪಂಢರಪುರಕ್ಕೆ ಹೋದದ್ದು ಹೀಗೇ. 1954ರಲ್ಲಿ ಸರ್ಕಾರ ಈ ರೈಲ್ವೆಯನ್ನು ಕೊಂಡಿತು. 2000ದ ನಂತರ ಹಂತ ಹಂತವಾಗಿ ಇಡೀ ಲೈನ್ ಬ್ರಾಡ್ ಗೇಜ್ ಆಯಿತು.

ಈಗ 2016ಕ್ಕೆ ಬನ್ನಿ. ಲಾತೂರಿನಲ್ಲಿ ಭೀಕರ ಬರ, ಕುಡಿಯಲು ನೀರಿಲ್ಲ. ಆ ಏಪ್ರಿಲ್‌ನಲ್ಲಿ ಮಿರಜಿನಿಂದ ಲಾತೂರಿಗೆ ನೀರಿನ ರೈಲು ಹೊರಟಿತು. ಮೊದಲ ರೈಲಿನಲ್ಲಿ 10 ಟ್ಯಾಂಕರ್, ಒಟ್ಟು ಸುಮಾರು 5 ಲಕ್ಷ ಲೀಟರ್ ನೀರು. ಟಿವಿಯಲ್ಲಿ ಎಲ್ಲರೂ ನೋಡಿದೆವು. ಆ ರೈಲು ಹೋದ ದಾರಿ ಯಾವುದು? ಮಿರಜ್, ಪಂಢರಪುರ, ಕುರ್ಡುವಾಡಿ, ಬಾರ್ಶಿ, ಲಾತೂರ್. ಒಂದು ಕಾಲಕ್ಕೆ ಹತ್ತಿ ಮೂಟೆಗಾಗಿ ಹಾಕಿದ ಅದೇ ದಾರಿ. ಎಳೆದದ್ದು ಹಳೇ ಕಿಟ್ಸನ್ ಎಂಜಿನ್ ಅಲ್ಲ ನಿಜ, ಹಳಿಯೂ ಬೇರೆ. ಆದರೆ ದಾರಿ ಅದೇ. ಸಣ್ಣ ಲೈನಿನ ಬೆಲೆಯನ್ನು ಬರೀ ಟಿಕೆಟ್ ದುಡ್ಡಿನಲ್ಲಿ ಅಳೆಯುವವರಿಗೆ ಇದಕ್ಕಿಂತ ಒಳ್ಳೇ ಉತ್ತರ ನಮ್ಮ ಹತ್ತಿರ ಇಲ್ಲ.

ಒಬ್ಬರಿಂದ ಒಬ್ಬರಿಗೆ

ದೊಡ್ಡ ಮನೆಯ ಹಳೇ ಸೈಕಲ್ ಕೂಲಿಯವನ ಮನೆ ಸೇರುವಂತೆ, ಹಳೇ ಎಂಜಿನ್‌ಗಳೂ ಕೈಯಿಂದ ಕೈಗೆ ಹೋಗುತ್ತವೆ. 1862ರಲ್ಲಿ ಫ್ರಾನ್ಸಿನಲ್ಲಿ ತಯಾರಾದ 'ರಾಮಗೋಟಿ' ಅನ್ನುವ ಪುಟ್ಟ ಎಂಜಿನ್ ಬಂಗಾಳದ ನಲ್ಹಾಟಿ ಲೈನಿನಲ್ಲಿ ಜನರನ್ನು ಎಳೆಯಿತು. ಆಮೇಲೆ ಕಲ್ಕತ್ತಾ ನಗರಸಭೆಯ ಪಾಲಾಗಿ ಊರಿನ ಕಸ ಎಳೆಯಿತು. ಈಗ ದೆಹಲಿಯ ರಾಷ್ಟ್ರೀಯ ರೈಲು ಮ್ಯೂಸಿಯಂನಲ್ಲಿದೆ. ಡಾರ್ಜಿಲಿಂಗ್ ಗುಡ್ಡ ಹತ್ತುತ್ತಿದ್ದ ಎಂಜಿನ್ ಅಸ್ಸಾಮಿನ ಟಿಪಾಂಗ್ ಕಲ್ಲಿದ್ದಲು ಗಣಿ ಸೇರಿದ್ದೂ ಉಂಟು.

ದೆಹಲಿಯ ಅದೇ ಮ್ಯೂಸಿಯಂನಲ್ಲಿ ಬೆಂಕಿಯೇ ಇಲ್ಲದ ಒಂದು ಎಂಜಿನ್ ಇದೆ. ಸಿಂದ್ರಿ ಗೊಬ್ಬರ ಕಾರ್ಖಾನೆಯಲ್ಲಿ ದುಡಿದದ್ದು. ಕಾರ್ಖಾನೆಯ ಬಾಯ್ಲರ್‌ನಿಂದಲೇ ಅದರ ಟ್ಯಾಂಕಿಗೆ ಉಗಿ ತುಂಬುತ್ತಿದ್ದರು. ಉಗಿ ತೀರುವ ತನಕ ಓಡುವುದು, ತೀರಿದರೆ ಮತ್ತೆ ತುಂಬಿಸಿಕೊಳ್ಳುವುದು, ನಾವು ಫೋನ್ ಚಾರ್ಜ್ ಮಾಡಿದ ಹಾಗೆ. ಕಿಡಿ ಹಾರಬಾರದ ಕಾರ್ಖಾನೆಗಳಿಗೆ ಇಂಥ ಎಂಜಿನ್ ಬೇಕಿತ್ತು.

ಇವನ್ನೆಲ್ಲ ಹೊಗಳಿ ಹಾಡಬೇಕು ಅಂತ ನಾವು ಹೇಳುತ್ತಿಲ್ಲ. ಎಂಜಿನ್ನಿನ ಚರಿತ್ರೆ ಬರೆದರೆ ನೋವಿನ ಲೆಕ್ಕವೂ ಹೊರಬರುತ್ತದೆ. ವಿದರ್ಭದ ಯವತ್ಮಾಳದ 'ಶಕುಂತಲಾ' ರೈಲನ್ನೇ ನೋಡಿ. ಇಂಗ್ಲಿಷ್ ಕಂಪನಿಯೊಂದು ಹತ್ತಿ ಸಾಗಿಸಲು ಹಾಕಿದ ಲೈನು ಅದು. ಅಲ್ಲಿ 1923ರಿಂದ 1994ರ ತನಕ, 70 ವರ್ಷ ದಾಟಿ ದುಡಿದ ಉಗಿ ಎಂಜಿನ್ ತಯಾರಾದದ್ದು 1921ರಲ್ಲಿ, ಮ್ಯಾಂಚೆಸ್ಟರ್‌ನಲ್ಲಿ. ಇಲ್ಲಿನ ಹತ್ತಿಗಾಗಿ ಬಾಯಿ ತೆರೆದು ಕೂತಿದ್ದ ಗಿರಣಿಗಳ ಊರೂ ಅದೇ ಮ್ಯಾಂಚೆಸ್ಟರ್. ಎಂಜಿನ್ ಅಲ್ಲಿಂದ ಬಂತು, ಹತ್ತಿ ಬಂದರಿನ ಕಡೆ ಹೋಯಿತು. ರೈತನ ಹತ್ತಿರ ಉಳಿದದ್ದು ಏನು? ಈ ಪ್ರಶ್ನೆ ಯಾವ ಬೋರ್ಡಿನಲ್ಲೂ ಇರುವುದಿಲ್ಲ.

ನಮ್ಮ ಮನೆಯ ಲೆಕ್ಕ

ನಮ್ಮ ರಾಜ್ಯಕ್ಕೆ ಬರೋಣ. ಬಂಗಾರಪೇಟೆಯಿಂದ ಕೋಲಾರಕ್ಕೆ 1913ರಲ್ಲಿ ಎರಡೂವರೆ ಅಡಿ ಗೇಜಿನ ಸಣ್ಣ ರೈಲು ಬಂತು. ಮುಂದೆ ಅದು ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ ಮೂಲಕ ಬೆಂಗಳೂರಿನ ಕಡೆಗೆ ಕೂಡಿಕೊಂಡಿತು. ಈ ದಾರಿ ಪೂರ್ತಿ ಬ್ರಾಡ್ ಗೇಜ್ ಆದದ್ದು 2013ರಲ್ಲಿ, ನೂರು ವರ್ಷಕ್ಕೆ. ನಂದಿ ಹಾಲ್ಟ್, ದೇವನಹಳ್ಳಿಯ ಹಳೇ ಸ್ಟೇಷನ್ ಕಟ್ಟಡಗಳನ್ನು ಉಳಿಸುವ ಕೆಲಸ ಈಚೆಗೆ ನಡೆದಿದೆ, ಒಳ್ಳೆಯದು. ಆದರೆ ಕಟ್ಟಡ ಉಳಿದರೆ ಸಾಕೇ? ಆ ರೈಲಿನಲ್ಲಿ ಫೈರ್‌ಮನ್ ಆಗಿದ್ದವರು, ಸಂತೆಗೆ ಮೂಟೆ ಹಾಕಿದವರು ಈಗಲೂ ಆ ಊರುಗಳಲ್ಲಿ ಇದ್ದಾರಲ್ಲ, ಅವರನ್ನು ಕೇಳಿದವರು ಎಷ್ಟು ಜನ?

ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಶುರು ಮಾಡಿದಾಗ ಕಬ್ಬಿಣ ಕರಗಿಸಿದ್ದು ಕಲ್ಲಿದ್ದಲಿನಿಂದ ಅಲ್ಲ, ಮಲೆನಾಡಿನ ಕಾಡಿನ ಇದ್ದಿಲಿನಿಂದ. ಅದಿರು ಬಂದದ್ದು ಕೆಮ್ಮಣ್ಣುಗುಂಡಿಯಿಂದ. ಸೌದೆಯನ್ನೂ ಅದಿರನ್ನೂ ಕಾರ್ಖಾನೆಗೆ ಮುಟ್ಟಿಸಲು ಟ್ರಾಮ್ ಲೈನುಗಳಿದ್ದವು. ಸರಿಯಾಗಿ ನೂರು ವರ್ಷಕ್ಕೆ, 2023ರ ಜನವರಿಯಲ್ಲಿ, ಕಾರ್ಖಾನೆ ಮುಚ್ಚುವ ತೀರ್ಮಾನ ಹೊರಬಿತ್ತು. ಕಾರ್ಮಿಕರು ಬೀದಿಗಿಳಿದರು. ಇಂಥ ಹೊತ್ತಿನಲ್ಲಿ ಕೆಲಸ ಉಳಿಸಿ ಅಂತ ಕೇಳುವುದು ಮೊದಲು, ಅದರಲ್ಲಿ ಎರಡು ಮಾತಿಲ್ಲ. ಆದರೆ ಯಾವ ಕಾಡಿನ ಮರ, ಯಾರ ಬೆವರು ಆ ಕುಲುಮೆಗೆ ಹೋಯಿತು ಅನ್ನುವ ದಾಖಲೆ ಕೈಯಲ್ಲಿದ್ದರೆ, ಕೇಳುವ ದನಿಗೆ ಬಲ ಬರುತ್ತದೆ.

'ಉಣ್ಣೋಕೆ ಗತಿ ಇಲ್ಲ, ಹಳೇ ಎಂಜಿನ್ ಕಟ್ಟಿಕೊಂಡು ಏನು ಮಾಡ್ತೀರಿ' ಅಂತ ನಮ್ಮನ್ನು ಕೇಳುವವರಿದ್ದಾರೆ. ಅವರಿಗೆ ಅಳ್ನಾವರ–ದಾಂಡೇಲಿ ಲೈನ್ ತೋರಿಸುತ್ತೇವೆ. ಕಾಡಿನ ಮರ ಸಾಗಿಸಲು 1919ರಲ್ಲಿ ಹಾಕಿದ ಲೈನು. ಜನರ ರೈಲು ನಿಂತು ಎರಡು ದಶಕ ದಾಟಿತ್ತು. ಜನ ಬಿಡದೆ ಕೇಳಿದರು. 2019ರ ನವೆಂಬರ್‌ನಲ್ಲಿ ಧಾರವಾಡದಿಂದ ದಾಂಡೇಲಿ ಪಕ್ಕದ ಅಂಬೇವಾಡಿಗೆ ಮತ್ತೆ ಪ್ಯಾಸೆಂಜರ್ ರೈಲು ಬಂತು. 'ಇಲ್ಲಿ ಹಿಂದೆ ರೈಲು ಓಡುತ್ತಿತ್ತು, ಇಂತಿಂಥದ್ದು ಎಳೆಯುತ್ತಿತ್ತು' ಅಂತ ಹೇಳಬಲ್ಲ ಊರಿಗೆ ಕೇಳುವ ಹಕ್ಕು ಗಟ್ಟಿ ಇರುತ್ತದೆ. ಮರೆತ ಊರಿಗೆ ಅರ್ಜಿ ಬರೆಯಲೂ ಆಧಾರ ಸಿಗುವುದಿಲ್ಲ.

ಏನು ಮಾಡಬಹುದು?

ದೊಡ್ಡ ಮಾತು ಬೇಡ. ನಿಮ್ಮ ಕೈಯಲ್ಲಿ ಫೋನ್ ಇದೆ, ಸಾಕು.

ಹಳೇ ಸಕ್ಕರೆ ಕಾರ್ಖಾನೆ, ಗಣಿ, ಗಿರಣಿಯ ಅಂಗಳದಲ್ಲಿ ಎಂಜಿನ್ನೋ ಟ್ರಾಲಿಯೋ ತುಕ್ಕು ಹಿಡಿದು ನಿಂತಿದ್ದರೆ, ಅಲ್ಲಿಯವರ ಒಪ್ಪಿಗೆ ಕೇಳಿ ಫೋಟೋ ತೆಗೆಯಿರಿ. ಅದರ ಪಕ್ಕೆಯಲ್ಲಿ ಕಂಪನಿಯ ಹೆಸರು, ನಂಬರ್, ವರ್ಷ ಇರುವ ಹಿತ್ತಾಳೆ ತಗಡು ಇದ್ದರೆ ಅದನ್ನು ಹತ್ತಿರದಿಂದ ತೆಗೆಯಿರಿ. ಗುಜರಿಗೆ ಹೋಗುವಾಗ ಮೊದಲು ಕಾಣೆಯಾಗುವುದು ಅದೇ. ಹಳಿ ಉಳಿದಿದ್ದರೆ ಅಳತೆ ಪಟ್ಟಿ ಇಟ್ಟು ನಡುವಿನ ಅಂತರ ಬರೆದುಕೊಳ್ಳಿ.

ಆಮೇಲೆ ಊರಿನ ಹಿರಿಯರ ಹತ್ತಿರ ಕೂತು ರೆಕಾರ್ಡಿಂಗ್ ಒತ್ತಿ. ಏನು ಎಳೆಯುತ್ತಿತ್ತು? ದಿನಕ್ಕೆ ಎಷ್ಟು ಸಲ? ಕೂಲಿ ಎಷ್ಟು? ಯಾರಿಗಾದರೂ ಗಾಯವಾಗಿತ್ತೇ? ನೀರು ಎಲ್ಲಿ ತುಂಬಿಸಿಕೊಳ್ಳುತ್ತಿತ್ತು? ಇವೇ ಪ್ರಶ್ನೆ. ತಗಡಿನ ಮೇಲೆ ಇಲ್ಲದ ಉತ್ತರ ಇವರ ಬಾಯಲ್ಲಿದೆ. ಉಗಿ ಎಂಜಿನ್ ಓಡಿಸಿದವರಲ್ಲಿ ಹೆಚ್ಚಿನವರಿಗೆ ಈಗ ಎಪ್ಪತ್ತು ಎಂಬತ್ತು ವಯಸ್ಸು. ಮುಂದಿನ ವರ್ಷ ನೋಡೋಣ ಅನ್ನುವ ಹಾಗಿಲ್ಲ.

ಸರ್ಕಾರಕ್ಕೂ ರೈಲ್ವೆಗೂ ನಮ್ಮ ಬೇಡಿಕೆ ಎರಡೇ. ಕಾರ್ಖಾನೆ, ಗಣಿಗಳ ಹಳೇ ಎಂಜಿನ್ ಹರಾಜು ಹಾಕುವ ಮುಂಚೆ ಆ ಜಿಲ್ಲೆಯ ಜನರಿಗೆ, ಕಾಲೇಜುಗಳಿಗೆ ತಿಳಿಸಲಿ. ಈಗಾಗಲೇ ನಿಲ್ಲಿಸಿರುವ ಎಂಜಿನ್‌ಗಳ ಪಕ್ಕ ಕನ್ನಡದಲ್ಲಿ ಪೂರ್ತಿ ಬೋರ್ಡ್ ಹಾಕಲಿ. ಅದರಲ್ಲಿ ಕಂಪನಿಯ ಹೆಸರಿನ ಕೆಳಗೆ ಇನ್ನೊಂದು ಸಾಲು ಇರಲಿ: ಈ ಎಂಜಿನ್ ಎಲ್ಲಿಂದ ಎಲ್ಲಿಗೆ, ಏನನ್ನು ಎಳೆಯಿತು, ಯಾರು ಓಡಿಸಿದರು.

ಆ ಒಂದು ಸಾಲಿಗೆ ತಗಲುವ ಖರ್ಚು ಒಂದು ಡಬ್ಬಿ ಬಣ್ಣ.