ಲೈಬ್ರರಿ ಬೇಕಾದಷ್ಟನ್ನೇ ಕೇಳಲಿ

ಸಿ ಭಾಷೆಯಲ್ಲಿ ಕಮಾಂಡ್ ಲೈನ್‌ನಲ್ಲಿ ಟೈಪ್ ಮಾಡಿದ ಪದಗಳು ಮೇನ್ ಫಂಕ್ಷನ್‌ಗೆ ಆರ್ಗ್‌ಸಿ, ಆರ್ಗ್‌ವಿ ಎಂಬ ಹೆಸರಲ್ಲಿ ಬರುತ್ತವೆ. ಕೆಲವು ಲೈಬ್ರರಿಗಳು ಕೆಲಸ ಆರಂಭಿಸಲು ಇವೆರಡನ್ನೂ ಕೇಳುತ್ತವೆ. ಇದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ದರ್ಜಿಗೆ ಅಳತೆ ಸಾಕು, ಬೀರುವಿನ ಬೀಗದಕೈ ಬೇಕಿಲ್ಲ.

ಒಂದು ಲೈಬ್ರರಿಯನ್ನು ಇನ್ನೊಂದು ಲೈಬ್ರರಿಯೇ ಆರಂಭಿಸಬೇಕಾದಾಗ ಅದರ ಕೈಯಲ್ಲಿ ಮೇನ್‌ನ ಆರ್ಗ್ಯುಮೆಂಟ್‌ಗಳು ಇರುವುದಿಲ್ಲ. ಹಲವು ಕಂಪ್ಯೂಟರ್‌ಗಳಿಂದ ಒಟ್ಟಿಗೆ ಲೆಕ್ಕ ಮಾಡಿಸುವ ಎಂಪಿಐ, ಇದೇ ಕಾರಣಕ್ಕೆ 1997ರ ಎರಡನೇ ಆವೃತ್ತಿಯಲ್ಲಿ ಅವುಗಳ ಬದಲು ನಲ್ ಕೊಡಲು ಅವಕಾಶ ಮಾಡಿತು. ಪರದೆಯ ಮೇಲೆ ವಿಂಡೋ, ಬಟನ್ ಮೂಡಿಸುವ ಜಿಟಿಕೆ 2020ರ ನಾಲ್ಕನೇ ಆವೃತ್ತಿಯಲ್ಲಿ ಅವನ್ನು ಕೈಬಿಟ್ಟೇ ಬಿಟ್ಟಿತು.

ಕಮಾಂಡ್ ಲೈನ್‌ನಿಂದಲೇ ಸೆಟ್ಟಿಂಗ್ ಬದಲಿಸುವುದು ಸುಲಭವಲ್ಲವೇ ಎಂದು ಕೇಳಬಹುದು. ಸುಲಭವೇ, ಆದರೆ ಆ ಪದಗಳನ್ನು ಓದಿ ಲೈಬ್ರರಿಗೆ ತಿಳಿಸುವುದು ಪ್ರೋಗ್ರಾಂನ ಕೆಲಸ.

ಪ್ರಾಜೆಕ್ಟ್‌ಗೆ ಲೈಬ್ರರಿ ಬರೆಯುವ ಗೆಳೆಯರೇ, ಬೇಕಾದ ಸೆಟ್ಟಿಂಗ್‌ಗಳನ್ನು ಹೆಸರಿಟ್ಟು ಕೇಳಿ. ಕೊಡದಿದ್ದರೆ ಡಿಫಾಲ್ಟ್ ಬಳಸಿ. ಆರಂಭವಾಗದಿದ್ದರೆ ಪ್ರೋಗ್ರಾಂ ನಿಲ್ಲಿಸಬೇಡಿ, ಎರರ್ ಕೋಡ್ ಹಿಂತಿರುಗಿಸಿ. ಆಗ ನೀವು ಬರೆದದ್ದು ನಿಮಗೆ ಗೊತ್ತಿಲ್ಲದವರ ಪ್ರೋಗ್ರಾಂನಲ್ಲೂ ತಂಟೆಯಿಲ್ಲದೆ ಕೆಲಸ ಮಾಡುತ್ತದೆ.